ಓಡಿಸದೆ ಪಾಸಾದ ಡೀಸೆಲ್

ಡೀಸೆಲ್ಲಿನಲ್ಲಿ ದೋಷವಿರಲು ಸಾಧ್ಯವಿಲ್ಲ ಎಂಬುದನ್ನು ಇಂಧನ ಪರೀಕ್ಷಾಲಯದ ಆಡಳಿತ ಮಂಡಳಿಯು ಸರ್ವಾನುಮತದಿಂದ ಕಂಡುಹಿಡಿಯಿತು. ಹಾಗೆ ಕಂಡುಹಿಡಿಯಬೇಕಾಗಿ ಬಂದದ್ದು ಅಲ್ಲಿನ ಪರೀಕ್ಷಕಿಯ ದೆಸೆಯಿಂದ.

ಎಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ತೂತುಗಳು ಕೂದಲೆಳೆಯಷ್ಟು ಸಣ್ಣವು. ಆಸ್ಪತ್ರೆಯ ಆಂಬುಲೆನ್ಸುಗಳಿಗೆ ಹೋಗುವ ಡೀಸೆಲ್ ಹಾಕಿ ಅವಳು ಎಂಜಿನ್ ಓಡಿಸಿದಾಗ, ಸಂಜೆಯೊಳಗೆ ಅದು ಗೂರಲು ಹಿಡಿದ ಮುದುಕನಂತೆ ಕೆಮ್ಮತೊಡಗಿತು. ಇಂಜೆಕ್ಟರ್ ಬಿಚ್ಚಿ ನೋಡಿದರೆ ತೂತುಗಳಲ್ಲಿ ಮಸಿ ಗಟ್ಟಿ ಕೂತಿತ್ತು. ಅಂಥ ಒಂದು ಆಂಬುಲೆನ್ಸನ್ನು ಓಡಿಸುವವನು ಅವಳ ಸ್ವಂತ ಅಣ್ಣ. ಅವಳು ಓಡಿಹೋಗಿ ನಿರ್ದೇಶಕರ ಮುಂದೆ ನಿಂತಳು.

ಆ ಡೀಸೆಲ್ ಪೂರೈಸುವವರು ನಿರ್ದೇಶಕರ ಬೀಗರು. ಇದಕ್ಕೂ ಮುಂದೆ ನಡೆದದ್ದಕ್ಕೂ ಸಂಬಂಧವಿಲ್ಲವೆಂದು ಸ್ವತಃ ನಿರ್ದೇಶಕರೇ ತಿಳಿಸಿದ್ದಾರೆ.

“ಸರ್, ಇದನ್ನ ಹಾಕಿದ್ರೆ ಗಾಡಿ ನಡುದಾರೀಲಿ ನಿಲ್ಲುತ್ತೆ.”

“ಎಂಜಿನ್ ಓಡಿಸೋ ಮುಂಚೆ ಮಸಿ ಇತ್ತೇನಮ್ಮ?”

“ಇರಲಿಲ್ಲ ಸರ್.”

“ಮತ್ತೆ? ಓಡಿಸಿದ್ದೇ ತಪ್ಪು.”

ಮರುದಿನ ಸುತ್ತೋಲೆ ಹೊರಟಿತು: ‘ಇನ್ನು ಮುಂದೆ ಇಂಜೆಕ್ಟರ್ ಪರೀಕ್ಷೆಗಳನ್ನು ಎಂಜಿನ್ ಚಾಲೂ ಮಾಡದೆಯೇ ನಡೆಸತಕ್ಕದ್ದು. ಎಂಜಿನ್ ತಾನಾಗಿಯೇ ಚಾಲೂ ಆದಲ್ಲಿ ಸಂಬಂಧಪಟ್ಟ ಸಿಬ್ಬಂದಿಯೇ ಹೊಣೆ.’

ಪರೀಕ್ಷಕಿ ಇಡೀ ದಿನ ನಿಂತ ಎಂಜಿನ್ನಿನ ಮುಂದೆ ಕೂತು ಪರೀಕ್ಷೆ ನಡೆಸಿದಳು. ಇಂಜೆಕ್ಟರ್ ಫಳಫಳ ಹೊಳೆಯುತ್ತಿತ್ತು. ವರದಿಯಲ್ಲಿ ‘ಪಾಸು’ ಎಂದು ಬರೆದು ಸಹಿ ಹಾಕಿದಳು.

ಆಂಬುಲೆನ್ಸುಗಳು ಅಲ್ಲಲ್ಲಿ ನಿಲ್ಲತೊಡಗಿದವು. ಆಸ್ಪತ್ರೆಯವರು ಧೃತಿಗೆಡದೆ, ರೋಗಿಯೊಂದಿಗೆ ಗಟ್ಟಿಮುಟ್ಟಾದ ನೆಂಟರು ಕಡ್ಡಾಯ ಎಂದು ಫಲಕ ತೂಗುಹಾಕಿದರು.

ಅವಳ ಅಮ್ಮನಿಗೆ ಉಸಿರು ಕಟ್ಟಿದ ದಿನ, ಗಾಡಿ ಆಸ್ಪತ್ರೆಯ ಏರಿನ ಬುಡದಲ್ಲೇ ನಿಂತಿತು. ಅಣ್ಣ ಸ್ಟೇರಿಂಗ್ ಹಿಡಿದ, ಇವಳು ಹಿಂದಿನಿಂದ ತಳ್ಳಿದಳು. ಗಾಡಿ ಮಿಸುಕಲಿಲ್ಲ.

“ಈ ಡೀಸೆಲ್ ಪಾಸು ಅಂದಿದ್ದೆಯಲ್ಲೇ?”

“ಪಾಸಾಗಿತ್ತಣ್ಣ. ಓಡಿಸದೆ.”

ಒಳಗೆ ಮಲಗಿದ್ದ ಅಮ್ಮ ಇದನ್ನು ಕೇಳಿಸಿಕೊಂಡು, ಮೂಗಿನ ನಳಿಕೆ ತೆಗೆದಿಟ್ಟು ಕೆಳಗಿಳಿದಳು. “ಆ ಕಡೆ ಸರಿಯೇ,” ಎಂದು ಗಾಡಿಗೆ ಭುಜ ಕೊಟ್ಟಳು.

ಗಾಡಿ ಏರು ಹತ್ತಿತು. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು, “ರೋಗಿ ಎಲ್ಲಿ?” ಎಂದರು. ಅಮ್ಮ ಏದುಸಿರು ಬಿಡುತ್ತ ಕೈಯೆತ್ತಿದಳು.

“ಗಾಡಿ ತಳ್ಳಿಕೊಂಡು ಬಂದವರನ್ನ ಸೇರಿಸ್ಕೊಳ್ಳೋ ಹಾಗಿಲ್ಲಮ್ಮ. ಅವರು ಗುಣವಾದವರ ಲೆಕ್ಕ. ಈಚೆಗೆ ತುಂಬ ಜನ ಗುಣವಾಗ್ತಿದ್ದಾರೆ.”

ಪರೀಕ್ಷೆ ಮಾಡದೆ ಹೇಗೆ ಹೇಳುತ್ತೀರಿ ಎಂದು ಕೇಳಲು ಮಗಳು ಬಾಯಿ ತೆರೆದಳು. ತಾನೆಲ್ಲಿ ಕೆಲಸ ಮಾಡುತ್ತೇನೆಂಬುದು ನೆನಪಾಗಿ ಮುಚ್ಚಿದಳು.

“ಓದಿದವರು ಹೇಳಿದ ಮೇಲೆ ಗುಣವಾಗಿರಲೇಬೇಕು, ನಡೀರಿ,” ಎಂದಳು ಅಮ್ಮ.

ಹಿಂದಿರುಗುವ ದಾರಿ ಇಳಿಜಾರಾದ್ದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ.