ಟಾರ್ಚ್ ಹಿಡಿದವನ ಎಂಜಿನ್ ವಿದ್ಯೆ

ಗಂಡಸರು ಎಂಜಿನಿನ ವಿಷಯದಲ್ಲಿ ಹೇಳುವ ಸುಳ್ಳುಗಳಲ್ಲಿ ಹೆಚ್ಚಿನವು ಬಾಯಿಬಿಟ್ಟು ಹೇಳಿದವಲ್ಲ, ಸುಮ್ಮನಿದ್ದು ಹೇಳಿದವು. ದಾರಿಯಲ್ಲಿ ಕೆಟ್ಟು ನಿಂತ ಕಾರಿನ ಬಾನೆಟ್ ಎತ್ತಿ, ಸೊಂಟಕ್ಕೆ ಕೈಕೊಟ್ಟು ಎರಡು ನಿಮಿಷ ಒಳಗೆ ನೋಡಿದರೆ ಸಾಕು, ಜೊತೆಗಿದ್ದವರಿಗೆ ಧೈರ್ಯ ಬರುತ್ತದೆ. ನನ್ನ ಸುಳ್ಳೂ ಅದೇ ಜಾತಿಯದು. ದೋಹಾದ ಒಂದು ಆಫೀಸಿನಲ್ಲಿ ಕಾಗದಪತ್ರ ನೋಡಿಕೊಂಡಿರುವವನು ನಾನು. ಪಕ್ಕದ ಕಡಲೂರು ಅಲ್ ವಕ್ರಾದಲ್ಲಿ ನಮಗೊಂದು ಸಣ್ಣ ಫೈಬರ್ ಬೋಟು ಇದೆ, ಅದರ ಹಿಂಬದಿಗೆ ಹದಿನೈದು ಎಚ್.ಪಿ.ಯ ಒಂದು ಎಂಜಿನ್. ಅದರ ಕೆಲಸವೆಲ್ಲ ಮನೆಯಲ್ಲೇ ಆಗುತ್ತದೆ, ಗ್ಯಾರೇಜಿಗೆ ಕೊಡುವುದಿಲ್ಲ ಎಂದು ನಾನು ಆಫೀಸಿನಲ್ಲಿ ಹೇಳುತ್ತಿದ್ದೆ. ಯಾರು ಮಾಡುವುದು ಎಂದು ಒಬ್ಬರೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

ಮಾಡುತ್ತಿದ್ದವಳು ನನ್ನ ಹೆಂಡತಿ ಸುಮತಿ. ಮಲ್ಪೆಯವಳು. ಅವಳ ಅಪ್ಪನಿಗೆ ಎಂಜಿನ್ ಕಟ್ಟಿದ ದೋಣಿ ಇತ್ತು. ಗಂಡುಮಕ್ಕಳಿರಲಿಲ್ಲ, ಹಾಗಾಗಿ ನಟ್ಟು ಬಿಚ್ಚುವ ಪಾನಾ ಎತ್ತಿಕೊಡುವ ಕೆಲಸ ಇವಳಿಗೆ ಬಿತ್ತು, ಎತ್ತಿಕೊಟ್ಟು ಎತ್ತಿಕೊಟ್ಟು ತಿರುಗಿಸುವುದೂ ಬಂತು. ನಾನೂ ಕಡಲಿನ ಬದಿಯವನೇ. ಆದರೆ ನನ್ನ ಅಪ್ಪ ಶಾಲೆಯ ಗುಮಾಸ್ತರಾಗಿದ್ದರು, ನಮ್ಮ ಮನೆಯಲ್ಲಿ ಅತಿ ದೊಡ್ಡ ಯಂತ್ರವೆಂದರೆ ಹೊಲಿಗೆ ಮೆಷಿನು. ಎಂಜಿನಿನ ಹೊಟ್ಟೆಯೊಳಗೆ ಹಗಲಲ್ಲೂ ಕತ್ತಲೆಯಾದ ಕಾರಣ ಒಬ್ಬರು ಟಾರ್ಚ್ ಹಿಡಿಯಬೇಕು. ಹದಿನಾಲ್ಕು ವರ್ಷ ನಾನು ಅದನ್ನು ಹಿಡಿದೆ.

ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಚಳಿಗಾಲಕ್ಕೆ ಎಂಜಿನನ್ನು ಮಲಗಿಸುವುದು ಹೇಗೆ ಎಂಬ ಒಂದು ಅಧ್ಯಾಯ ಇದೆ. ಒಳಗೆ ಉಳಿದ ನೀರು ಮಂಜುಗಡ್ಡೆಯಾಗಿ ಲೋಹವನ್ನು ಸೀಳೀತು ಎಂದೆಲ್ಲ ಹೆದರಿಸುತ್ತಾರೆ. ಕತಾರಿನಲ್ಲಿ ಚಳಿಗಾಲವೇ ಕಡಲಿಗೆ ಹೋಗುವ ಕಾಲ. ಜೂನ್ ಬಂದರೆ ಬೋಟಿನ ಸೀಟು ಮುಟ್ಟಿದರೆ ಕೈ ಸುಡುತ್ತದೆ, ಮೀನಿಗೂ ಬೇಡ ಮನುಷ್ಯನಿಗೂ ಬೇಡ. ಮೊದಲ ವರ್ಷ ನಾನು ಆ ಅಧ್ಯಾಯವನ್ನು ಬಿಟ್ಟು ಮುಂದಿನದಕ್ಕೆ ಹೋಗೋಣ ಎಂದಾಗ ಸುಮತಿ ನಕ್ಕಳು. ಊರಿನಲ್ಲಿ ಮಳೆಗಾಲಕ್ಕೆ ದೋಣಿ ಮೇಲೆ ಹಾಕುವುದಿಲ್ಲವೇ, ಅವರಿಗೆ ಹಿಮ, ನಮಗೆ ಮಳೆ, ಇಲ್ಲಿ ಸೆಕೆ. ಎಂಜಿನಿಗೆ ಯಾವುದಾದರೇನು, ಎದ್ದೇಳುವಾಗ ಸರಿ ಇದ್ದರಾಯಿತು ಎಂದಳು. ಮಂಜುಗಡ್ಡೆಯ ಭಾಗಕ್ಕೆ ಪೆನ್ಸಿಲಿನಲ್ಲಿ ಗೀಟು ಎಳೆದಳು. ಉಳಿದದ್ದನ್ನು ಪ್ರತಿ ಮೇ ತಿಂಗಳು ಮಾಡಿದಳು.

ಕಳೆದ ವರ್ಷದ ಮೇಯಲ್ಲಿಯೂ ಮಾಡಿದಳು. ಜುಲೈಯಲ್ಲಿ ಊರಿಗೆ ಹೋದವಳು ಅಲ್ಲೇ ತೀರಿಕೊಂಡಳು. ಹೃದಯಾಘಾತ ಎಂದರು ಡಾಕ್ಟರು. ಅದರ ಬಗ್ಗೆ ಬರೆಯುವುದು ನನಗೆ ಬರುವುದಿಲ್ಲ, ಎಂಜಿನಿನ ಬಗ್ಗೆಯೂ ಬರುವುದಿಲ್ಲ, ಆದರೂ ಎರಡರಲ್ಲಿ ಎಂಜಿನ್ ಸುಲಭ.

ನಮ್ಮ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಇಸ್ಮಾಯಿಲ್ ಇದ್ದಾರೆ. ಉಳ್ಳಾಲದವರು, ಬಟ್ಟೆ ವ್ಯಾಪಾರ. ಸುಮತಿ ತೀರಿಕೊಂಡ ವಾರ ಅವರೂ ರಜೆಯಲ್ಲಿ ಊರಿನಲ್ಲಿದ್ದರು. ಕೇಳಿದ ದಿನವೇ ನಮ್ಮ ಮನೆಗೆ ಬಂದು ಒಂದು ಮೂಲೆಯಲ್ಲಿ ಕೂತರು, ಹದಿಮೂರನೇ ದಿನಕ್ಕೂ ಬಂದರು. ದೋಹಾಕ್ಕೆ ಮರಳಿದ ಮೇಲೆ ನಾನು ಬೋಟಿನ ಹತ್ತಿರ ಹೋಗಲಿಲ್ಲ. ಡಿಸೆಂಬರಿನ ಒಂದು ಶುಕ್ರವಾರ ಅವರೇ ಬಾಗಿಲು ಬಡಿದು, "ಯಲ್ಲಾ, ಏಳಿ. ಮೀನು ನಿಮ್ಮ ದುಃಖ ಮುಗಿಯುವವರೆಗೆ ಕಾಯುವುದಿಲ್ಲ ಮಾರಾಯ್ರೆ," ಎಂದು ಎಳೆದುಕೊಂಡು ಹೋದರು. ಹಗ್ಗ ಎಳೆದೆ. ಎರಡನೇ ಎಳೆತಕ್ಕೆ ಎಂಜಿನ್ ಶುರುವಾಯಿತು. ಅದಕ್ಕೆ ಸುದ್ದಿ ಮುಟ್ಟಿರಲಿಲ್ಲ.

ಚಳಿಗಾಲದಲ್ಲಿ ನಾಲ್ಕು ಸಲ ಹೋಗಿ ಬಂದೆವು. ಮೇ ಬಂತು. ಇಸ್ಮಾಯಿಲ್ ತಮಗೆ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಇದ್ದಾನೆ, ಕರೆಯಲೇ ಎಂದು ಕೇಳಿದರು. ಬೇಡ ಎಂದೆ. "ಹೌದಲ್ಲ, ನೀವೇ ಮಾಡುವುದಲ್ವಾ ಯಾವಾಗಲೂ," ಎಂದರು. ಅವರ ಮುಖದಲ್ಲಿ ನಗೆ ಇತ್ತೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಿಲ್ಡಿಂಗಿನ ಹಿಂದಿನ ಅಂಗಳದಲ್ಲಿ, ಬೋಟಿನಿಂದ ಬಿಚ್ಚಿ ತಂದ ಎಂಜಿನನ್ನು ಸ್ಟ್ಯಾಂಡಿಗೆ ಹಾಕಿ, ಕೆಳಗೆ ನೀಲಿ ಡ್ರಮ್ಮು ಇಟ್ಟು ನಲ್ಲಿ ನೀರು ತುಂಬಿಸಿದೆ. ಪುಸ್ತಕ ತೆರೆದಿಟ್ಟೆ. ಆದರೆ ನಾನು ಕೆಲಸ ಕಲಿತದ್ದು ಪುಸ್ತಕದಿಂದಲ್ಲ, ಬೈಗಳಿಂದ. ಸುಮತಿ ಯಾವ ಹಂತದಲ್ಲಿ ಏನು ಬೈಯುತ್ತಿದ್ದಳು ಎಂದು ನೆನಪಿಸಿಕೊಂಡರೆ ಮುಂದಿನ ಹಂತ ತಾನಾಗಿ ಬರುತ್ತಿತ್ತು. ನೀರು ಹೊರಬರುವ ತೂತು ನೋಡದೆ ಆಕಾಶ ನೋಡುತ್ತಿದ್ದೀರಲ್ಲ ಎಂಬುದು ಮೊದಲನೆಯದು. ಅಂದರೆ ಎಂಜಿನ್ ಶುರು ಮಾಡಿ, ಒಳಗಿನ ಉಪ್ಪೆಲ್ಲ ತೊಳೆದು ನೀರು ಧಾರೆಯಾಗಿ ಬರುವವರೆಗೆ ಬಿಡಬೇಕು. ಮೂಗು ಮುಚ್ಚಿಕೊಳ್ಳುವುದಕ್ಕೆ ಟಾರ್ಚ್ ಹಿಡಿದ ಕೈಯೇ ಬೇಕಿತ್ತಾ ಎಂಬುದು ಎರಡನೆಯದು. ಅಂದರೆ ಪೆಟ್ರೋಲ್ ಪೈಪು ಕಳಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವ ಹೊತ್ತಿಗೆ ಅದರ ಬಾಯಿಗೆ ಎಣ್ಣೆ ಸ್ಪ್ರೇ ಮಾಡಬೇಕು. ಆಗ ಬಿಳಿ ಹೊಗೆ ಏಳುತ್ತದೆ. ಹೊಗೆ ಏಳುವ ಮೊದಲು ಅವಳು ಒಳಗೆ ಹೋಗಿ ವಾಚ್‌ಮನ್‌ಗೆ ಹೇಳಿ ಬರುತ್ತಿದ್ದಳು. ಅದಕ್ಕೆ ಬೈಗಳು ಇರಲಿಲ್ಲವಾದ್ದರಿಂದ ನನಗೆ ನೆನಪಾಗಲಿಲ್ಲ. ವಾಚ್‌ಮನ್ ಬೆಂಕಿ ಆರಿಸುವ ಕೆಂಪು ಸಿಲಿಂಡರು ಹೊತ್ತು ಓಡಿ ಬಂದ. ಬೆಂಕಿಯಲ್ಲ, ಮೇಂಟೆನೆನ್ಸು ಎಂದು ಹಿಂದಿಯಲ್ಲಿ ವಿವರಿಸಿದೆ. ಅವನು ಹೊಗೆಯನ್ನೂ ನನ್ನನ್ನೂ ನೋಡಿ, ಮೇಡಂ ಇದ್ದಾಗ ಮೊದಲೇ ಹೇಳುತ್ತಿದ್ದರು ಎಂದ. ನನ್ನ ಹದಿನಾಲ್ಕು ವರ್ಷದ ಗುಟ್ಟು ವಾಚ್‌ಮನ್‌ಗೆ ಗೊತ್ತಿದೆ ಎಂದು ಆಗ ತಿಳಿಯಿತು.

ಪ್ಲಗ್ಗು ಬಿಚ್ಚಿದೆ, ಎಣ್ಣೆ ಬಿಟ್ಟೆ, ಗ್ರೀಸು ಹಚ್ಚಿದೆ. ಉಳಿದದ್ದು ಗೇರಿನ ಆಯಿಲ್ ಬದಲಿಸುವುದು. ಎಂಜಿನಿನ ಕಾಲಿನ ತುದಿಯಲ್ಲಿ, ನೀರು ತಳ್ಳುವ ಫ್ಯಾನಿನ ಹತ್ತಿರ, ಅದಕ್ಕೆ ಎರಡು ಸ್ಕ್ರೂ: ಒಂದು ಕೆಳಗೆ, ಒಂದು ಮೇಲೆ. ಎರಡನ್ನೂ ತೆಗೆದರೆ ಹಳೆಯ ಆಯಿಲ್ ಹರಿದುಬರುತ್ತದೆ. ಸುಮತಿ ಅದನ್ನು ಅಂಗೈಗೆ ಹಿಡಿದು ಬೆರಳಿನಿಂದ ಉಜ್ಜಿ ನೋಡುತ್ತಿದ್ದಳು. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದು ಲೆಕ್ಕ, ಆ ನೀರಿನ ಜೊತೆ ಬೇಸಗೆ ಕಳೆದರೆ ಗೇರು ಹೋಯಿತು.

ಸ್ಕ್ರೂ ಡ್ರೈವರ್ ಇಟ್ಟವನು ತಿರುಗಿಸಲಿಲ್ಲ. ಒಳಗಿದ್ದದ್ದು ಅವಳು ಹೊಯ್ದ ಆಯಿಲ್. ಅವಳ ಸೀರೆಗಳನ್ನು ತಂಗಿಯರು ತೆಗೆದುಕೊಂಡು ಹೋದರು, ಡಬ್ಬಿಯಲ್ಲಿದ್ದ ಉಪ್ಪಿನಕಾಯಿ ನಾನು ತಿಂದು ಮುಗಿಸಿದೆ, ಫೋನಿನ ನಂಬರು ಕಂಪನಿಯವರು ಕತ್ತರಿಸಿದರು. ಅವಳು ಮಾಡಿಟ್ಟು ಹೋದ ಕೆಲಸಗಳಲ್ಲಿ ಇನ್ನೂ ನಡೆಯುತ್ತಿದ್ದದ್ದು ಇದೊಂದೇ. ತೆಗೆದರೆ ಅದೂ ಹೋಗುತ್ತದೆ, ತೆಗೆಯದಿದ್ದರೆ ಎಂಜಿನ್ ಹೋಗುತ್ತದೆ. ಬಿಸಿಲು ಗೋಡೆ ಇಳಿದು ನನ್ನ ಬೆನ್ನಿಗೆ ಬರುವವರೆಗೆ ಕೂತಿದ್ದೆ. ಕೊನೆಗೆ ತಿರುಗಿಸಿದ್ದು ಧೈರ್ಯದಿಂದಲ್ಲ, ಸೆಕೆಯಿಂದ.

ಅಂಗೈಗೆ ಬಂದ ಆಯಿಲ್ ಶುದ್ಧವಾಗಿತ್ತು, ಸ್ವಲ್ಪ ಕಪ್ಪು, ನೀರಿನ ಸುಳಿವಿಲ್ಲ. ಹೊಸದನ್ನು ಮೇಲಿನ ತೂತಿಗೆ ಹೊಯ್ದೆ. ಬಾಟಲಿಗೆ, ದೀಪಕ್ಕೆ, ತಲೆಗೆ ಎಣ್ಣೆ ಹಾಕುವುದು ಮೇಲಿನಿಂದ ತಾನೆ? ಸ್ವಲ್ಪ ಹೋಗಿ ಗುಳುಕ್ ಎಂದು ವಾಪಸು ನನ್ನ ಅಂಗಿಗೇ ಬಂತು. ಆಗ ಕಣ್ಣ ಮುಂದೆ ಬಂದದ್ದು, ಟಾರ್ಚಿನ ವೃತ್ತದೊಳಗೆ ಅವಳ ಕೈ ಯಾವಾಗಲೂ ಕೆಳಗಿನ ತೂತಿನಲ್ಲಿ ಇರುತ್ತಿದ್ದದ್ದು. ಕೆಳಗಿನಿಂದ ಟ್ಯೂಬು ಹಿಂಡುತ್ತ ಹೋಗಬೇಕು. ಗಾಳಿ ಮೇಲಿನಿಂದ ಹೋಗುತ್ತದೆ, ಆಯಿಲ್ ಮೇಲೆ ಕಾಣಿಸಿಕೊಂಡಾಗ ತುಂಬಿತೆಂದು ಅರ್ಥ. ಹಾಗೆಯೇ ಮಾಡಿದೆ, ತುಂಬಿತು. ಪ್ಲಾಸ್ಟಿಕ್ ಹೊದೆಸಿದರೆ ಒಳಗೆ ಬೆವರುತ್ತದೆ ಎಂದು ಅವಳು ಹತ್ತಿಯ ಹಳೆ ಬೆಡ್‌ಶೀಟು ಹೊದೆಸುತ್ತಿದ್ದಳು. ಅದನ್ನೇ ಹೊದೆಸಿ ಕಟ್ಟಿದೆ. ಹದಿನಾಲ್ಕು ವರ್ಷ ನನ್ನ ಕೈ ಟಾರ್ಚ್ ಸರಿಯಾದ ಜಾಗಕ್ಕೇ ಹಿಡಿದಿತ್ತು ಎಂದಾಯಿತು, ಕಣ್ಣು ಮಾತ್ರ ಜೊತೆಗಿರಲಿಲ್ಲ.

ಸಂಜೆ ಚಹಾಕ್ಕೆ ಬಂದ ಇಸ್ಮಾಯಿಲ್ ಅಡುಗೆಮನೆಯಲ್ಲಿ ಸಕ್ಕರೆ ಹುಡುಕುತ್ತಿದ್ದರು. ಕಪಾಟಿನಲ್ಲಿ, ತೆಂಗಿನೆಣ್ಣೆಯ ಪಕ್ಕದಲ್ಲಿ ಇಟ್ಟಿದ್ದ ಒಂದು ಜಾಮಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೆಂತ, ಜೋನಿ ಬೆಲ್ಲವಾ?"

"ಅಲ್ಲ. ಹಳೇ ಗೇರ್ ಆಯಿಲ್."

"ಬಿಸಾಡುವುದಲ್ವಾ ಅದನ್ನು?"

"ಗೇಟಿನ ಕೀಲಿಗೆ ಬಿಡಲಿಕ್ಕೆ ಬೇಕಾಗ್ತದೆ."

"ಫ್ಲ್ಯಾಟಿಗೆ ಗೇಟು ಎಲ್ಲಿ ಉಂಟು ಮಾರಾಯ್ರೆ?"

"ಇಲ್ಲಿಗಲ್ಲ. ಊರಿನ ಮನೆಯ ಗೇಟಿಗೆ."

"ಹಾಗಾದ್ರೆ ಇರ್ಲಿ," ಎಂದು ಅವರು ಬಾಟಲಿಯನ್ನು ಇದ್ದಲ್ಲೇ ಇಟ್ಟರು, ಮುಚ್ಚಳವನ್ನು ಒಮ್ಮೆ ಬಿಗಿಮಾಡಿ. ಚಹಾ ಕುಡಿದರು, ಬಟ್ಟೆಯ ವ್ಯಾಪಾರ ಮಾತಾಡಿದರು, ತಮ್ಮ ಮಹಡಿಗೆ ಹೋದರು. ಅವರು ಹೋದ ಮೇಲೆ ಲೋಟ ತೊಳೆಯುವಾಗ ನನಗೆ ನೆನಪಾಯಿತು. ನಮ್ಮ ಊರಿನ ಮನೆಗೆ ಗೇಟಿಲ್ಲ. ಎರಡು ಕಲ್ಲಿನ ಕಂಬಗಳ ನಡುವೆ ಬಿದಿರಿನ ಗಳ ಸರಿಸುವ ದಣಪೆ ಇದೆ. ಅದಕ್ಕೆ ಕೀಲು ಎಂಬುದೇ ಇಲ್ಲ. ಕಳೆದ ಮಳೆಗಾಲದಲ್ಲಿ ಇಸ್ಮಾಯಿಲ್ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಎರಡು ಸಲ ಅದನ್ನು ದಾಟಿ ಒಳಗೆ ಬಂದಿದ್ದರು.