ಬೀಳದ ಸಸಿಗಳ ಬಗ್ಗೆ ಒಂದು ದೂರು

ಮಣ್ಣಿನೊಳಗೆ ಸುಖವಾಗಿ ನೆಲೆಸಿರುವ ಮಾನ್ಯ ಟ್ರೈಕೋಡರ್ಮಾ ಶಿಲೀಂಧ್ರದವರೇ, ಹಾಗೂ ತಮ್ಮ ಜೊತೆಗಾರರಾದ ಸೂಡೋಮೊನಾಸ್ ಬ್ಯಾಕ್ಟೀರಿಯಾದವರೇ,

ತಮ್ಮ ಸಂಸಾರ ಗಂಟೆಗಂಟೆಗೂ ಬೆಳೆಯಲಿ ಎಂದು ಮೊದಲಿಗೆ ಹಾರೈಸುತ್ತೇನೆ. ನಾನು ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು, ಸೋದರಮಾವನ ಟೊಮೆಟೊ ನರ್ಸರಿಯಲ್ಲಿ ಟ್ರೇಗಳಿಗೆ ಮಣ್ಣು ತುಂಬುವವನು. ಒಂದು ಕಡೆ ಹತ್ತು ನಿಮಿಷ ಕೂರಲಾರದ ನಾನು ಕೂತು ಪತ್ರ ಬರೆಯುತ್ತಿದ್ದೇನೆಂದರೆ ವಿಷಯ ಎಷ್ಟು ಗಂಭೀರವೆಂದು ತಾವೇ ಊಹಿಸಬಹುದು.

ಕಳೆದ ಸಲ ಬುಡ ಕೊಳೆಯುವ ರೋಗ ಬಂದು ಮೂರರಲ್ಲಿ ಒಂದು ಸಸಿ ನೆಲಕಚ್ಚಿದಾಗ, ರೋಗ ತಡೆಯುವವರೆಂದು ಪೊಟ್ಟಣದಲ್ಲಿ ತಂದ ತಮ್ಮನ್ನು ಕಳಿತ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಹದಿನೈದು ದಿನ ತೇವ ಆರದಂತೆ ಸಾಕಿದವನು ನಾನು. ‘ಬೂಷ್ಟು ಸಾಕೋಕೆ ಶಾಲೆ ಬಿಟ್ಯೇನೋ ಅಳಿಯಾ?’ ಎಂದು ನಕ್ಕ ಮಾವ ಒಂದು ಕರಾರು ಹಾಕಿದರು: ಇಪ್ಪತ್ತು ಟ್ರೇಗೆ ತಮ್ಮನ್ನು ಹಾಕುವುದು, ಇಪ್ಪತ್ತಕ್ಕೆ ಹಾಕದಿರುವುದು, ವ್ಯತ್ಯಾಸ ಕಂಡರೆ ನಾನು ನರ್ಸರಿಯಲ್ಲೇ ಉಳಿಯುವುದು, ಕಾಣದಿದ್ದರೆ ನನಗಿಂತ ಗೇಣುದ್ದ ಗಿಡ್ಡ ಮಕ್ಕಳ ನಡುವೆ ಮತ್ತೆ ಬೆಂಚಿನ ಮೇಲೆ ಕೂರುವುದು.

ತಮ್ಮ ಉಪಕಾರವನ್ನು ಹೇಗೆ ಬಣ್ಣಿಸಲಿ! ನಲವತ್ತು ಟ್ರೇಗಳಲ್ಲೂ ಒಂದೇ ಒಂದು ಸಸಿ ಬೀಳಲಿಲ್ಲ, ವ್ಯತ್ಯಾಸವೂ ಕಾಣಲಿಲ್ಲ. ಪೊಲೀಸರು ಕಳ್ಳನನ್ನು ಹಿಡಿದರೆ ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ತಾವೋ ರೋಗವನ್ನು ಬಾಗಿಲಲ್ಲೇ ಮುಗಿಸಿ, ಏನೂ ನಡೆದೇ ಇಲ್ಲವೆಂಬಂತೆ ಬೇರಿಗೆ ಒರಗಿ ಮಲಗಿಬಿಡುತ್ತೀರಿ. ಆದ್ದರಿಂದ ಇನ್ನು ಮುಂದೆ ಕೆಲಸ ಮಾಡುವಾಗ ದಯವಿಟ್ಟು ಸ್ವಲ್ಪ ಸದ್ದು ಮಾಡಬೇಕು, ಸತ್ತ ರೋಗವನ್ನು ಮಾವನ ಕಣ್ಣಿಗೆ ಬೀಳುವಂತೆ ಟ್ರೇಯ ಅಂಚಿನಲ್ಲಿ ಜೋಡಿಸಿಡಬೇಕು.

ಕರೆಯದ ಟ್ರೇಗಳಿಗೆ ತಾವು ಹೋದದ್ದು ಹೇಗೆಂದು ಆಮೇಲೆ ಅತ್ತೆಯಿಂದ ತಿಳಿಯಿತು. ಮಿಕ್ಕ ಗೊಬ್ಬರವನ್ನು ಅವರೇ ಆ ಇಪ್ಪತ್ತಕ್ಕೂ ಹಂಚಿದ್ದರಂತೆ. ‘ಅವಕ್ಕೆ ಕೊಟ್ಟು ಇವಕ್ಕೆ ಕೊಡದೇ ಇರೋಕೆ ನನ್ನ ಕೈಲಾಗಲ್ಲಪ್ಪ, ಎಲ್ಲಾ ಒಂದೇ ಪೊಟ್ಟಣದ ಬೀಜ ಅಲ್ವೇನೋ?’ ಎಂದರು. ಅವರಿಗಾದರೂ ಕರುಳಿದೆ, ಪರೀಕ್ಷೆಯ ನಿಯಮ ಪಾಲಿಸಿ ಅಲ್ಲಿ ಸುಮ್ಮನೆ ಕೂರಲು ತಮಗೇನಾಗಿತ್ತು?

ಸುಳ್ಳು ನನ್ನ ಬಾಯಲ್ಲಿ ಹೊರಳುವುದಿಲ್ಲವಾದ್ದರಿಂದ ಮಾವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅತ್ತೆಗೆ ಬೈಗುಳ ಸಿಕ್ಕಿತು, ನನಗೆ ಎರಡನೇ ಅವಕಾಶ ಸಿಕ್ಕಿತು, ಸಸಿಮನೆಗೆ ಬೀಗ ಬಿತ್ತು. ಈಗ ಹೊಸದಾಗಿ ಬಿತ್ತಿದ, ತಾವಿಲ್ಲದ ಇಪ್ಪತ್ತು ಟ್ರೇಗಳಲ್ಲಿ ಸಸಿಗಳು ಬುಡ ಕರಗಿ ಒಂದೊಂದಾಗಿ ಮಲಗುತ್ತಿವೆ. ಕೀಲಿ ನನ್ನ ಜೇಬಿನಲ್ಲಿದೆ. ಅತ್ತೆ ಬಲೆಪರದೆಯಾಚೆ ನಿಂತು, ಬಿದ್ದವನ್ನು ಒಂದೊಂದಾಗಿ ಎಣಿಸಿ ಹೋಗುತ್ತಾರೆ. ನಾನು ಭರ್ಜರಿಯಾಗಿ ಗೆಲ್ಲುತ್ತಿದ್ದೇನೆ. ಇಂಥ ಗೆಲುವಿಗೆ ತಮ್ಮಲ್ಲಿ ಮದ್ದಿದ್ದರೆ ಒಂದು ಪೊಟ್ಟಣ ಕಳುಹಿಸಿಕೊಡಬೇಕಾಗಿ ಕೋರುವ,

ತಮ್ಮ ವಿಶ್ವಾಸಿ,
ಟ್ರೇ ತುಂಬುವವ

ಮರೆತ ಮಾತು: ಮಾವ ನಿನ್ನೆ ಗೇಟಿಗೆ ಹೊಸ ಬೋರ್ಡು ಹಾಕಿದ್ದಾರೆ: ‘ನಮ್ಮ ಸ್ವಂತ ಪ್ರಯೋಗದಿಂದ ಬೆಳೆಸಿದ ರೋಗವಿಲ್ಲದ ಸಸಿಗಳು’. ಅದರಲ್ಲಿ ತಮ್ಮ ಹೆಸರಿಲ್ಲ, ನನ್ನದೂ ಇಲ್ಲ. ಬಿದ್ದ ಸಸಿಗಳನ್ನು ಗಿರಾಕಿಗಳಿಗೆ ತೋರಿಸಬೇಡ ಎಂದಿದ್ದಾರೆ. ಕೇಳಿದವರಿಗೆಲ್ಲ ಬೀಗ ತೆಗೆದು ತೋರಿಸುತ್ತಿದ್ದೇನೆ.