ಕಾಕಾ ಮತ್ತು ಬ್ಯಾಡಗಿ ಮೆಣಸಿನಕಾಯಿ

ನಮ್ಮ ಕಾಕಾ ಅವರಿಗೆ ಖಾರ ಸೇರುವುದಿಲ್ಲ. ಆದರೂ ಅವರು ಆಗಾಗ ರಾಣೆಬೆನ್ನೂರಿನಿಂದ ರೈಲು ಹತ್ತಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತರುತ್ತಾರೆ. ಈ ಎರಡು ವಾಕ್ಯಗಳ ನಡುವೆ 'ಆದರೂ' ಎಂದು ಬರೆಯಬೇಕೋ, 'ಆದ್ದರಿಂದ' ಎಂದು ಬರೆಯಬೇಕೋ ಎಂಬ ವಿಷಯದಲ್ಲಿ, ಕನ್ನಡ ವ್ಯಾಕರಣವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನಾನೇ ಬಹಳ ಕಾಲ ಗೊಂದಲದಲ್ಲಿದ್ದೆನೆಂದರೆ ಓದುಗರು ನಂಬಬೇಕು!

ಖಾರ ಸೇರುವುದಿಲ್ಲವೆಂದರೆ ಎಷ್ಟರಮಟ್ಟಿಗೆ? ಪಲ್ಯದಲ್ಲಿ ಮೆಣಸಿನಕಾಯಿಯೊಂದು ಮುಳುಗಿ ಎದ್ದು ಹೋಗಿದ್ದರೂ ಸಾಕು, ಕಾಕಾ ಸಂಜೆಯವರೆಗೆ ಬಿಕ್ಕಳಿಸುವರು. ರೊಟ್ಟಿಗೆ ಹಾಲು, ಹಾಲಿಗೆ ಬೆಲ್ಲ. ಅವರ ಊಟ ಅಷ್ಟೇ. ಹೀಗಿದ್ದೂ ಬ್ಯಾಡಗಿಯಿಂದ ಕೆಂಪಗೆ ಸುಕ್ಕುಗಟ್ಟಿದ ಕಾಯಿಗಳ ಗಂಟನ್ನು ಹೊತ್ತು ಹಾವೇರಿಯಲ್ಲಿರುವ ನಮ್ಮ ಮನೆಗೆ ಬಂದು ಸುರಿಯುವರು. ನನ್ನ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು:

"ಕಾಕಾರ, ನಮ್ಮನಿ ಏನ್ ಮಸಾಲಿ ಅಂಗಡಿಯೇನ್ರಿ?"

"ಇಟಗೋವಾ. ಮೆಣಸಿನಕಾಯಿ ಲಗೂ ಕೆಡೂದಿಲ್ಲ."

"ನೀವು ಒಂದರ ತಿಂತೀರೇನು?"

"ಛೇ ಛೇ! ಹೊಟ್ಟಿ ಉರೀತೈತಿ ನನಗ!"

ಕಾಕಾ ನಮ್ಮ ತಂದೆಯವರ ಕಡೆಯ ತಮ್ಮ. ರಾಣೆಬೆನ್ನೂರಿನ ಮಿಶನ್ ಕಂಪೌಂಡಿನಲ್ಲಿ ಬಡಿಗ. ದೇವಾಲಯದಲ್ಲಿ ಜನ ಕೂರುವ ಬಾಕು, ಬಾಗಿಲು, ಕಿಟಕಿ, ಕರ್ತನ ಕರೆ ಬಂದವರಿಗೆ ಶವಪೆಟ್ಟಿಗೆ, ಇವೆಲ್ಲ ಅವರ ಕೈಯ ಕೆಲಸ. ಅಳತೆಗೋಲನ್ನು ಅವರು ಮುಟ್ಟುವುದಿಲ್ಲ. ಕಣ್ಣಿನಿಂದ ಒಮ್ಮೆ ನೋಡಿ, ಕೈಯಿಂದ ಗೇಣು ಹಾಕಿದರೆ ಮುಗಿಯಿತು. ಈ ಅಭ್ಯಾಸದಿಂದ ಒದಗುವ ಅನರ್ಥಗಳು ಒಂದೆರಡಲ್ಲ! ಸಭೆಯ ಹಿರಿಯರೊಬ್ಬರು ಹಾಸಿಗೆ ಹಿಡಿದಾಗ, ವೈದ್ಯರೇ ಕೈಬಿಟ್ಟಿದ್ದಾಗ, ಕಾಕಾ ಸೌಜನ್ಯಕ್ಕಾಗಿ ನೋಡಲು ಹೋದರಂತೆ. ಮಂಚದ ಬಳಿ ನಿಂತು ಅವರನ್ನು ತಲೆಯಿಂದ ಕಾಲಿನವರೆಗೆ ಮೆಲ್ಲಗೆ ಒಮ್ಮೆ ನೋಡಿದರಂತೆ. ಅಷ್ಟೇ! ಮೂರು ದಿನದಿಂದ ಕಣ್ಣು ತೆರೆಯದವರು ಎದ್ದು ಕುಳಿತು, "ಏ, ಮೊದಲ ಇಂವನ್ನ ಹೊರಗ ಹಾಕ್ರಿ! ನನಗ ಗಂಜಿ ತರ್ರಿ!" ಎಂದು ಕೂಗಿದರಂತೆ. ಆ ಹಿರಿಯರು ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ. "ನಾ ಬರೇ ಮಂಚದ ಕಾಲು ನೋಡಾಕತ್ತಿದ್ನೋ," ಎಂದು ಕಾಕಾ ಆಣೆ ಮಾಡುತ್ತಾರೆ.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಅದರ ಫಲವಾಗಿ ಕಾಕಾ ನನ್ನ ಹೆಸರನ್ನೇ ಮರೆತಿದ್ದಾರೆ. "ಏನೋ ಬಿ.ಎ., ಅರಾಮದೀಯೇನು?" ಎಂದೇ ಮಾತು ಆರಂಭ. ತಪ್ಪು ಮಾತನಾಡಿದರೆ ಪದವಿಗೆ ಕುಂದು ಬಂದೀತೆಂಬ ಅಂಜಿಕೆಯಿಂದ ನಾನು ಮನೆಯಲ್ಲಿಯೂ ಪುಸ್ತಕದ ಭಾಷೆಯನ್ನೇ ಆಡುತ್ತೇನೆ. "ನನಗೆ ಸ್ವಲ್ಪ ನೀರನ್ನು ಕೊಡುವೆಯಾ?" ಎಂದರೆ ಹೆಂಡತಿ, "ಕೊಡುವೆನ್ರಿ, ಕುಡಿಯುವಿರಂತ!" ಎಂದು ಅಣಕಿಸುತ್ತಾಳೆ.

ನನಗೆ ಇಬ್ಬರು ಮಕ್ಕಳಿದ್ದರು: ಏಳು ವರ್ಷದ ಎಸ್ತೇರ, ಮೂರು ವರ್ಷದ ಸಮು. ಇಬ್ಬರಿಗೂ ಒಂದೇ ಹಾಸಿಗೆ. ಕಾಕಾ ಬಂದಾಗಲೆಲ್ಲ ಎಸ್ತೇರಳ ಅಹವಾಲು ಒಂದೇ: "ಅಜ್ಜಾ, ಇಂವಾ ಮಲಗಿದಲ್ಲೇ ಒದೀತಾನ. ನನಗ ಬ್ಯಾರೆ ಮಂಚಾ ಮಾಡಿಕೊಡು." ಕಾಕಾ ಗಂಭೀರವಾಗಿ ಸಮುವಿನ ಕಾಲನ್ನು ಹಿಡಿದು ನೋಡಿ, "ಹೌದವಾ, ಇದು ಕತ್ತೀ ಕಾಲು! ಮಾಡೂಣಂತ," ಎನ್ನುವರು.

ಆ ಮಂಚ ಆಗಲಿಲ್ಲ. ಸೀಮೆಎಣ್ಣೆಗೂ ಪರದಾಡಬೇಕಾದ ಆ ಯುದ್ಧದ ದಿನಗಳಲ್ಲಿ ಸಮುವಿಗೆ ಜ್ವರ ಬಂತು. ಐದನೆಯ ದಿನ ಅವನು ಹೋದ. ಈ ಸಂಗತಿಗೆ ಇದಕ್ಕಿಂತ ಸರಿಯಾದ ವಾಕ್ಯವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಕಾಕಾ ಕೈಚೀಲದಲ್ಲಿ ಉಳಿ, ಬಾಚಿ ಹಾಕಿಕೊಂಡು ಬಂದು ನಮ್ಮ ಹಿತ್ತಲಿನಲ್ಲಿಯೇ ಪೆಟ್ಟಿಗೆ ಮಾಡಿದರು. ಅದು ಬೇಕಾದುದಕ್ಕಿಂತ ಒಂದು ಗೇಣು ಉದ್ದವಾಗಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಯಾವುದು ಕಣ್ಣಿಗೆ ಬೀಳುತ್ತದೆ ನೋಡಿ! ರೇಖಾಗಣಿತ ಓದಿದ ನಾನು ಎಲ್ಲರೆದುರಿಗೆ ಹೇಳಿದೆ: "ಕಾಕಾ, ಅಳತೆ ತಪ್ಪಿದೆ. ಇದರಲ್ಲಿ ಇನ್ನೊಂದು ಮಗು ಹಿಡಿಯುತ್ತದೆ."

"ಇರ್ಲಿ ಬಿಡೋ ಬಿ.ಎ.," ಎಂದರು ಕಾಕಾ.

ಎಸ್ತೇರ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ನಮ್ಮ ಕಡೆ ಹೆಂಗಸರು ಸತ್ತವರ ಗುಣಗಳನ್ನು ಹಾಡ್ಯಾಡಿಕೊಂಡು ಅಳುವುದು ರೂಢಿ. ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಅದು ಹಿಡಿಸುವುದಿಲ್ಲ. ಪುನರುತ್ಥಾನದ ನಿರೀಕ್ಷೆಯುಳ್ಳವರು ಗೋಳಾಡಬಾರದೆಂದು ಅವರ ಬೋಧೆ. ನಾನೂ ಅದನ್ನೇ ಮನೆಯಲ್ಲಿ ತಿಳಿಸಿ ಹೇಳಿದ್ದೆ. ನನ್ನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ಎಸ್ತೇರ ಒಂದು ಹನಿಯನ್ನೂ ಸುರಿಸಲಿಲ್ಲ. ಅಯ್ಯನವರು ಅವಳ ತಲೆಯ ಮೇಲೆ ಕೈಯಿಟ್ಟು, "ಎಂಥಾ ವಿಶ್ವಾಸ ಈ ಕೂಸಿಂದು!" ಎಂದರು. ನನಗೆ ಹೆಮ್ಮೆಯಾಯಿತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಆಮೇಲೆಯೂ ಅವಳು ಅಳಲಿಲ್ಲ. ಬದಲಾಗಿ ದಾನ ಮಾಡತೊಡಗಿದಳು! ಮೊದಲು ರಿಬ್ಬನ್ನು, ನಂತರ ಮಣಿಸರ, ಕೊನೆಗೆ ಶಾಲೆಯಲ್ಲಿ ಬರೆಯುವ ಪಾಟಿ ಮತ್ತು ಪಾಟಿಯ ಕಡ್ಡಿ, ಎಲ್ಲವೂ ಪಕ್ಕದ ಮನೆಯ ಗಂಗವ್ವನ ಮಗಳ ಪಾಲಾದವು. ನಾನು ಇದನ್ನೂ ಭಕ್ತಿಯ ಫಲವೆಂದೇ ಎಣಿಸಿ ಅಯ್ಯನವರಿಗೆ ವರದಿ ಒಪ್ಪಿಸಿದೆ. ಹೆಂಡತಿ ಮಾತ್ರ, "ರೀ, ಅದು ಅಳವಲ್ದು, ಉಣ್ಣವಲ್ದು. ನನಗ ಅಂಜಿಕಿ ಬರಾಕತ್ತೈತಿ. ಓದಿದಾವರದೀರಿ, ಏನರ ಮಾಡ್ರಿ," ಎಂದಳು.

ಓದಿದವನು ಏನು ಮಾಡುತ್ತಾನೆ? ಇನ್ನಷ್ಟು ಓದುತ್ತಾನೆ! ಕ್ರೈಸ್ತ ಕುಟುಂಬಗಳಲ್ಲಿ ಮಕ್ಕಳನ್ನು ಬೆಳೆಸುವ ಬಗೆಯನ್ನು ಕುರಿತ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಎರವಲು ತಂದೆ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಸರಳವಾಗಿ ತಿಳಿಸಬೇಕೆಂದು ಅದರಲ್ಲಿತ್ತು. ಹಾಗೆಯೇ ಮಾಡಿದೆ.

"ಮಗಳೇ, ನಿನ್ನ ತಮ್ಮನನ್ನು ಕರ್ತನು ಕರೆದುಕೊಂಡನು."

"ಕೆಲಸಾ ಮಾಡಿದಾವಗ ಕರ್ತೃ ಅಂತಾರಂತ ನೀನ ಹೇಳಿಕೊಟ್ಟಿದ್ದೆಲ್ಲಪ್ಪಾ. ಹಂಗಾದ್ರ ಇದನ್ನ ಮಾಡಿದಾವ ಅಂವನೇನು?"

ಕರ್ತೃ ಬೇರೆ, ಕರ್ತ ಬೇರೆ ಎಂದು ಆರಂಭಿಸಿದೆ. ಎರಡಕ್ಕೂ ಮೂಲ ಒಂದೇ ಎಂಬುದು ನೆನಪಾಗಿ ನಿಲ್ಲಿಸಿದೆ. ಪುಸ್ತಕ ತಿರುವಿದೆ. ಕನ್ನಡ ವ್ಯಾಕರಣದ ತೊಡಕುಗಳಿಗೆ ಅದರಲ್ಲಿ ಅಧ್ಯಾಯವೇ ಇರಲಿಲ್ಲ!

"ಅಂವಾ ಮುಂದ ಯಾರನ್ನ ಕರೀತಾನ? ಲಗೂನ ಕರೀತಾನೇನು?"

"ಅದು ಅವನ ಚಿತ್ತ," ಎಂದೆ. ದೈವಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಸರಿಯಾದ ಉತ್ತರ! ಎಸ್ತೇರ ತಲೆಯಾಡಿಸಿ ಮಡಿಲಿನಿಂದಿಳಿದು ಹೋಗಿ ತನ್ನ ಲಂಗಗಳನ್ನು ಒಂದೊಂದಾಗಿ ಮಡಚಿಡತೊಡಗಿದಳು.

ಮರುವಾರ ಬಂದ ಕಾಕಾ, ಅವಳನ್ನು ಒಮ್ಮೆ ನೋಡಿದರು. ತಲೆಯಿಂದ ಕಾಲಿನವರೆಗೆ ಅಲ್ಲ; ಮುಖವನ್ನು ಮಾತ್ರ.

"ಕೂಸಿನ್ನ ಬ್ಯಾಡಗಿಗೆ ಕರಕೊಂಡು ಹೋಗ್ತೇನಿ."

"ಮೆಣಸಿನಕಾಯಿಯ ಪೇಟೆಗೆ ಮಗುವನ್ನೇ? ಆ ಘಾಟಿನಿಂದ ಅವಳ ಆರೋಗ್ಯಕ್ಕೆ ಬಾಧೆಯಾಗಲಾರದೇ?"

"ಆಗ್ತೈತಿ. ನಡಿ, ನೀನೂ ಬಾ. ನಿನಗೂ ಆಗ್ಲಿ."

ಹೆಂಡತಿ ಆಗಲೇ ಮಗಳ ತಲೆ ಬಾಚುತ್ತಿದ್ದಳು.

ಬ್ಯಾಡಗಿಯ ಪೇಟೆಯನ್ನು ನಾನು ಮೊದಲ ಸಲ ಕಂಡದ್ದು ಅಂದೇ. ಕಂಡೆನೆಂದರೆ ತಪ್ಪಾದೀತು, ಕಣ್ಣು ಬಿಡಲು ಸಾಧ್ಯವಾದರೆ ತಾನೇ! ಆಳೆತ್ತರದ ಕೆಂಪು ರಾಶಿಗಳು. ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುವ ಹೆಂಗಸರು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತ, ಚೀಲಚೀಲಕ್ಕೂ ಕಣ್ಣೀರಿಡುವ ದಲಾಲರು. ಕೊಂಡವನೂ ಅಳುತ್ತಿದ್ದ, ಮಾರಿದವನೂ ಅಳುತ್ತಿದ್ದ. ನಾನು ಸೀನಿನ ನಡುವೆ ಒಂದು ಪೂರ್ಣ ವಾಕ್ಯವನ್ನು ಕೂಡಿಸಲಾರದೆ ಹೋದೆ.

ಕಾಕಾ ಒಂದು ಚೀಲದ ಮೇಲೆ ಕುಳಿತು ಎಸ್ತೇರಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಅಜ್ಜಾ, ಎಲ್ಲಾರೂ ಅಳಾಕತ್ತಾರ!"

"ಇಲ್ಲಿ ಯಾರಿಗೂ ಯಾರೂ ಯಾಕ ಅಂತ ಕೇಳೂದಿಲ್ಲವಾ. ಅಯ್ಯನವರು ಬಂದ್ರೂ ಅಳಬೇಕು. ಸಣ್ಣ ಪೆಟ್ಟಿಗಿ ಮಾಡಿದ ಮ್ಯಾಲೆ ನಾ ಒಮ್ಮೆ ಬಂದು ಕುಂತು ಹೋಗ್ತೇನಿ."

ನೋಡಿದೆ. ಕಾಕಾ ಅವರ ಗಡ್ಡವೆಲ್ಲ ಒದ್ದೆಯಾಗಿತ್ತು. 'ಆದ್ದರಿಂದ' ಎಂಬುದೇ ಸರಿಯಾದ ಪದವೆಂದು ನನಗೆ ಆಗ ಹೊಳೆಯಿತು.

ಎಸ್ತೇರ ಮೊದಲು ಕಣ್ಣು ತಿಕ್ಕಿಕೊಂಡಳು. ಆಮೇಲೆ ಮೂಗು ಒರೆಸಿಕೊಂಡಳು. ಆಮೇಲೆ ಬಾಯಿ ತೆರೆದು, ಅಷ್ಟು ದಿನ ಹಿಡಿದಿಟ್ಟ ದನಿಯನ್ನು ಬಿಟ್ಟಳು. ತೊಟ್ಟು ಬಿಡಿಸುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿ, "ಹೊಸಬಳೇನ ಯವ್ವಾ? ಅಳು, ಅಳು. ನಾಕ ದಿನಾ ಬಂದ್ರ ರೂಢಿ ಆಗತೈತಿ," ಎಂದು ಮತ್ತೆ ಕೆಲಸಕ್ಕೆ ಬಾಗಿದಳು. ನಾನು ಹತ್ತಿರ ಹೋದೆ. ಕಾಕಾ ಕೈ ಅಡ್ಡ ಹಿಡಿದರು.

ಬಿಕ್ಕುತ್ತ ಬಿಕ್ಕುತ್ತ ಅವಳು ಕೇಳಿದಳು: "ಅಜ್ಜಾ, ತಮ್ಮನ ಪೆಟ್ಟಿಗ್ಯಾಗ ಉಳಿದ ಜಾಗಾ ನನಗೇನು?"

"ಏನಂದಿ?"

"ಇನ್ನೊಂದು ಕೂಸು ಹಿಡೀತೈತಿ ಅಂತ ಅಪ್ಪಾ ಅಂದಿದ್ದಲ್ಲಾ. ನಾ ಎಲ್ಲಾ ಕೊಟ್ಟುಬಿಟ್ಟೇನಿ. ಅಲ್ಲಿ ಪಾಟಿ ಬೇಕಾಗೂದಿಲ್ಲಲ್ಲ?"

ಅವಳು ದಾನ ಮಾಡುತ್ತಿರಲಿಲ್ಲ. ಹೊರಡಲು ಅಣಿಯಾಗುತ್ತಿದ್ದಳು! ಹೊರಡಿಸಿದವನು ನಾನು. ಕರ್ತೃಪದ ಸ್ಪಷ್ಟವಾಗಿತ್ತು.

ಕಾಕಾ ಅವಳ ಗಲ್ಲವನ್ನು ತಮ್ಮ ಒರಟು ಕೈಯಲ್ಲಿ ಹಿಡಿದರು.

"ಹುಚ್ಚೀ, ನಿನ್ನ ತಮ್ಮಾ ಮಲಗಿದಲ್ಲೇ ಒದೀತಿದ್ದಿಲ್ಲೇನು? ಅವಗ ಒದಿಯಾಕ ಜಾಗಾ ಬ್ಯಾಡೇನು? ಅದಕ್ಕ ಒಂದು ಗೇಣು ಜಾಸ್ತಿ ಬಿಟ್ಟೆ."

ಎಸ್ತೇರ ಅವರನ್ನೇ ದಿಟ್ಟಿಸಿದಳು. "ಭಾಳ ಒದೀತಿದ್ದ ಅಜ್ಜಾ ಅಂವಾ," ಎಂದಳು. ನಕ್ಕಳೋ ಅತ್ತಳೋ ಆ ಘಾಟಿನಲ್ಲಿ ತಿಳಿಯಲಿಲ್ಲ.

"ಪೂರಾ ಜಾಗಾ ಅವಂದ?"

"ಪೂರಾ ಅವಂದ. ನಿನಗ ಅಲ್ಲಿ ಒಂದು ಬಟ್ಟಿನಷ್ಟೂ ಇಲ್ಲ."

ಅವಳು ಲಂಗದ ತುದಿಯಿಂದ ಮೂಗು ಒರೆಸಿಕೊಂಡಳು.

"ಹಂಗಾದ್ರ ನನ್ನ ಪಾಟಿ ಹೊಳ್ಳಿ ಇಸಗೋಬೇಕು."

ಹಾವೇರಿಗೆ ಮರಳಿದವನೇ, ಅಂಗಿಯನ್ನೂ ಬದಲಿಸದೆ, ಗಂಗವ್ವನ ಬಾಗಿಲಲ್ಲಿ ನಿಂತೆ. ಕೊಟ್ಟ ವಸ್ತುವನ್ನು ಮರಳಿ ಬೇಡಲು ಯೋಗ್ಯವಾದ ವಾಕ್ಯವೊಂದನ್ನು ರೈಲಿನಲ್ಲಿಯೇ ರಚಿಸಿಟ್ಟುಕೊಂಡಿದ್ದೆ. ಗಂಗವ್ವ ಬಾಗಿಲು ತೆರೆದೊಡನೆ ಅದು ಮರೆತೇಹೋಯಿತು.

"ಯಾಕ್ರೀ ಮಾಸ್ತರ? ಕಣ್ಣಿಗೇನಾತ್ರಿ?" ಎಂದಳು ಗಂಗವ್ವ ಗಾಬರಿಯಾಗಿ.

"ಬ್ಯಾಡಗಿ ಮೆಣಸಿನಕಾಯಿ ಬೇ," ಎಂದೆ. "ನಮ್ಮ ಕೂಸಿನ ಪಾಟಿ ಕೊಡ ಬೇ. ಅಕಿ ಎಲ್ಲೂ ಹೋಗೂದಿಲ್ಲ."